ಮಸಿ, ಅಂಟು ಮತ್ತು ಅಂಚು: ಬಟ್ಟೆಯ ಮೇಲಿನ ಕಪ್ಪು ಗೆರೆ

ಕಳೆದ ರಬೀಉಲ್ ಅವ್ವಲ್ ತಿಂಗಳಲ್ಲಿ ಮಕ್ಕಳ ಸಮಾರಂಭವೊಂದಕ್ಕಾಗಿ ಎರಡು ಗಜ ಕ್ಯಾನ್ವಾಸ್ ಬಟ್ಟೆಯ ಮೇಲೆ ‘ಕಿತಾಬ್’ ಎಂಬ ಒಂದೇ ಪದವನ್ನು ದಪ್ಪ ಕಪ್ಪು ಅಕ್ಷರಗಳಲ್ಲಿ ಬರೆಯಲು ಹೊರಟೆ. ಶಾಯಿ ಧಾರಾಳವಾಗಿತ್ತು, ಕುಂಚವೂ ಅಗಲವಾಗಿತ್ತು. ಆದರೆ ಬರೆದಂತೆಲ್ಲ ಶಾಯಿಯು ನೂಲಿನ ಎಳೆಗಳಗುಂಟ ಹರಿಯಿತು. ‘ತಾ’ ಅಕ್ಷರದ ಮೇಲಿನ ಎರಡು ಚುಕ್ಕೆಗಳು ಕೂಡಿಕೊಂಡು ಒಂದಾದವು. ನೋಡುತ್ತ ನಿಂತಿದ್ದ ಹುಡುಗನೊಬ್ಬ, “ಹಜರತ್, ಇದು ಕಿನಾಬ್ ಆಗೈತ್ರಿ” ಎಂದ. ಅವನು ಹೇಳಿದ್ದು ಸರಿಯಾಗಿತ್ತು. ಒಂದು ಚುಕ್ಕೆ ಉಳಿದರೆ ಅದು ‘ತಾ’ ಅಲ್ಲ, ‘ನೂನ್’.

ಪವಿತ್ರ ಕುರ್‌ಆನಿನ ಪ್ರತಿಗಳನ್ನು ಬರೆಯುತ್ತಿದ್ದ ನಮ್ಮ ಪೂರ್ವಿಕರಿಗೆ ಈ ಭಯ ಸದಾ ಇತ್ತು. ಅಕ್ಷರದ ಅಂಚು ಕದಡಿದರೆ ಅರ್ಥವೇ ಕದಡುತ್ತದೆ. ಹಿಜರಿ 328ರಲ್ಲಿ (ಕ್ರಿ.ಶ. 940) ನಿಧನರಾದ ಬಗ್ದಾದಿನ ವಜೀರ ಇಬ್ನ್ ಮುಕ್ಲ ಅವರು ಅಕ್ಷರಗಳ ಅಳತೆಗೆ ಚುಕ್ಕೆಯನ್ನೇ ಮಾನವನ್ನಾಗಿ ಮಾಡಿದರು. ಕಲಮಿನ ತುದಿಯನ್ನು ಒಮ್ಮೆ ಒತ್ತಿದಾಗ ಮೂಡುವ ಓರೆ ಚೌಕವೇ ಆ ಚುಕ್ಕೆ. ‘ಅಲಿಫ್’ ಇಷ್ಟು ಚುಕ್ಕೆ ಎತ್ತರ, ‘ಬಾ’ ಇಷ್ಟು ಚುಕ್ಕೆ ಅಗಲ ಎಂದು ಎಣಿಸಬೇಕಾದರೆ ಚುಕ್ಕೆಯ ನಾಲ್ಕು ಅಂಚುಗಳೂ ಕತ್ತರಿಸಿದಂತಿರಬೇಕು. ಗೆರೆಯ ದಿಟ್ಟತನವು ಕಪ್ಪಿನ ಪ್ರಮಾಣದಲ್ಲಿಲ್ಲ, ಅಂಚಿನಲ್ಲಿದೆ ಎಂಬುದನ್ನು ನಾನು ಎರಡು ಗಜ ಬಟ್ಟೆ ಕೆಡಿಸಿ ಕಲಿತೆ.

ಕನ್ನಡದ ‘ಮಸಿ’ ಎಂಬ ಪದಕ್ಕೆ ಕಾಡಿಗೆ ಎಂಬ ಅರ್ಥವೂ ಇದೆ, ಬರೆಯುವ ಶಾಯಿ ಎಂಬ ಅರ್ಥವೂ ಇದೆ. ಅದು ಸಹಜ, ಏಕೆಂದರೆ ಹಳೆಯ ಶಾಯಿಯೆಂದರೆ ದೀಪದ ಕಾಡಿಗೆಯೇ. ‘ಶಾಯಿ’ಯಾದರೋ ಪಾರ್ಸಿಯ ‘ಸಿಯಾಹಿ’, ಅಂದರೆ ಕಪ್ಪು. 1557ರಲ್ಲಿ ಪೂರ್ಣಗೊಂಡ ಇಸ್ತಾಂಬುಲಿನ ಸುಲೈಮಾನಿಯಾ ಮಸೀದಿಯಲ್ಲಿ ಎಣ್ಣೆದೀಪಗಳ ಹೊಗೆಯನ್ನು ಒಂದು ಕೋಣೆಗೆ ಹರಿಯಬಿಟ್ಟು, ಅಲ್ಲಿ ಕೂತ ಕಾಡಿಗೆಯಿಂದ ಶಾಯಿ ತಯಾರಿಸುತ್ತಿದ್ದರು. ನಮ್ಮ ತಾಯಂದಿರು ಹಣತೆಯ ಮೇಲೆ ತಟ್ಟೆ ಕವುಚಿ ಮಕ್ಕಳ ಕಣ್ಣಿಗೆ ಕಾಡಿಗೆ ಹಿಡಿದಂತೆಯೇ ಅದು!

ಕಾಡಿಗೆಯೊಂದೇ ಸಾಲದು. ಅದು ನೀರಿನಲ್ಲಿ ಬೆರೆಯುವುದಿಲ್ಲ, ಒಣಗಿದರೆ ಉದುರುತ್ತದೆ. ಅದನ್ನು ಹಿಡಿದಿಡುವುದು ಜಾಲಿಯ ಜಾತಿಯ ಮರದ ಅಂಟು. ಪಾರ್ಸಿ ಬಲ್ಲ ಲಿಪಿಕಾರರಲ್ಲಿ ಬಳಕೆಯಲ್ಲಿದ್ದ ಒಂದು ಪ್ರಮಾಣ ಹೀಗಿದೆ: ಕಾಡಿಗೆ ಒಂದು ಪಾಲು, ಅನ್ನಭೇದಿಯಂಥ ಲೋಹಲವಣ ಒಂದು ಪಾಲು, ಮಾಚಿಕಾಯಿ ಎರಡು ಪಾಲು, ಅಂಟು ನಾಲ್ಕು ಪಾಲು. ಅಂಟಿನ ಪಾಲು ಉಳಿದ ಮೂರರ ಒಟ್ಟು ತೂಕಕ್ಕೆ ಸಮವೆಂಬುದನ್ನು ಗಮನಿಸಬೇಕು. ಆಮೇಲೆ ರಟ್ಟೆ ಸೋಲುವವರೆಗೆ ಅರೆಯುವ ಕೆಲಸ. ದೌತಿಯಲ್ಲಿ ರೇಷ್ಮೆಯ ಹಸಿ ಎಳೆಗಳ ಮುದ್ದೆಯಿಟ್ಟು, ಕಲಮು ಬೇಕಾದಷ್ಟೇ ಶಾಯಿ ಎತ್ತುವಂತೆ ಮಾಡುತ್ತಿದ್ದರು. ಕಾಗದಕ್ಕೆ ಗಂಜಿಯನ್ನೋ ಮೊಟ್ಟೆಯ ಬಿಳಿಲೋಳೆಯನ್ನೋ ಬಳಿದು, ನುಣುಪು ಕಲ್ಲಿನಿಂದ ತಿಕ್ಕಿದ ಮೇಲೆಯೇ ಬರವಣಿಗೆ.

ತೆಲಸಂಗದಿಂದ ಮೂಡಣಕ್ಕೆ ಹೊರಟರೆ ವಿಜಯಪುರ. ಎರಡನೆಯ ಇಬ್ರಾಹೀಮ್ ಆದಿಲ್ ಶಾಹ್ (1580–1627) ಆಳ್ವಿಕೆಯಲ್ಲಿ ಖಲೀಲುಲ್ಲಾಹ್ ಎಂಬ ಲಿಪಿಕಾರರು ಸುಲ್ತಾನನ ‘ಕಿತಾಬೆ ನವ್ರಸ್’ ಕೃತಿಯನ್ನು ಬರೆದೊಪ್ಪಿಸಿ ‘ಪಾದಶಾಹೆ ಕಲಮ್’, ಅಂದರೆ ಲೇಖನಿಯ ಅರಸ, ಎಂಬ ಬಿರುದು ಪಡೆದರು. ಇಬ್ರಾಹೀಮ್ ರೋಜಾದ ಕಿಟಕಿಗಳನ್ನು ಒಳಗೆ ನಿಂತು ನೋಡಿರಿ. ಕಲ್ಲುಚಪ್ಪಡಿಯಲ್ಲಿ ಅರಬಿ ಅಕ್ಷರಗಳನ್ನು ಉಳಿಸಿ ನಡುವಿನ ಜಾಗವನ್ನಷ್ಟೇ ಕೊರೆದಿದ್ದಾರೆ. ಹೊರಗಿನ ಬೆಳಕಿಗೆ ಅಕ್ಷರಗಳು ದಪ್ಪ ಕಪ್ಪು ಗೆರೆಗಳಾಗಿ ಕಾಣುತ್ತವೆ. ಅಲ್ಲಿ ಮಸಿಯೇ ಇಲ್ಲ, ಅಂಚು ಮಾತ್ರ ಇದೆ.

ಬಟ್ಟೆಯ ಮಾತಿಗೆ ಬಂದರೆ ಉತ್ತರ ನಮ್ಮ ನಾಡಿನಲ್ಲೇ ಇತ್ತು. ಇಂದು ಕಚೇರಿಗಳಲ್ಲಿ ಫೈಲಿಗೆ ‘ಕಡತ’ ಎನ್ನುತ್ತೇವೆ. ಮೂಲದಲ್ಲಿ ಕಡತವೆಂದರೆ ಹುಣಸೆಬೀಜದ ಸರಿ ಮತ್ತು ಇದ್ದಿಲಪುಡಿ ಬಳಿದು ಕಪ್ಪಾಗಿಸಿದ, ಮಡಚಿಡುವ ಬಟ್ಟೆ. ವರ್ತಕರು ಅದರ ಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಕಪ್ಪಿನ ಮೇಲೆ ಬಿಳಿ, ನನ್ನ ಕೆಲಸಕ್ಕೆ ತಿರುವುಮುರುವು. ಆದರೆ ನೂಲಿನ ರಂಧ್ರ ಮುಚ್ಚುವ ಉಪಾಯ ಒಂದೇ. ಒಡಿಶಾದ ಪಟಚಿತ್ರಕಾರರು ಇಂದಿಗೂ ಬಟ್ಟೆಗೆ ಹುಣಸೆಬೀಜದ ಅಂಟಿನೊಡನೆ ಸೀಮೆಸುಣ್ಣದ ಪುಡಿ ಬಳಿದು, ಕಲ್ಲಿನಿಂದ ಉಜ್ಜಿ, ದೀಪದ ಕಾಡಿಗೆಯಿಂದ ಗೆರೆ ಎಳೆಯುತ್ತಾರೆ.

ಎರಡನೆಯ ಸಲ ನಾನೂ ಹಾಗೆಯೇ ಮಾಡಿದೆ. ಹುಣಸೆಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ ಅರೆದು ಕುದಿಸಿದ ಸರಿಗೆ ಸುಣ್ಣದ ಪುಡಿ ಬೆರೆಸಿ ಎರಡು ಸಲ ತೆಳುವಾಗಿ ಬಳಿದೆ. ಒಣಗಿದ ಮೇಲೆ ಗಾಜಿನ ಶೀಷೆಯಿಂದ ತಿಕ್ಕಿದೆ. ಅಕ್ಷರವನ್ನು ಮೊದಲು ಕಾಗದದಲ್ಲಿ ಬರೆದು, ಅಂಚಿನಗುಂಟ ಸೂಜಿಯಿಂದ ಚುಚ್ಚಿ, ಇದ್ದಿಲಪುಡಿ ತಟ್ಟಿ ಬಟ್ಟೆಗಿಳಿಸಿದೆ. ಖಾಕಾ ಎಂದು ಚಿತ್ರಕಾರರು ಕರೆಯುವ ವಿಧಾನವಿದು. ಅಂಚನ್ನು ಸಣ್ಣ ಕುಂಚದಿಂದ ಎಳೆದು ಆಮೇಲೆ ಒಡಲು ತುಂಬಿದೆ. ಒಂದೇ ಸಲ ದಪ್ಪ ಬಳಿದರೆ ಅಂಟು ಬಿರಿಯುತ್ತದೆ. ತೆಳುವಾಗಿ ಎರಡು ಸಲ ಬಳಿಯುವುದು ಲೇಸು, ಶಾಯಿಯಲ್ಲಿ ತೊಟ್ಟು ಜೇನು ಬೆರೆತರೆ ಇನ್ನೂ ಲೇಸು. ಬಟ್ಟೆಯನ್ನು ಮಾತ್ರ ಮಡಚಬಾರದು, ಸುತ್ತಿಡಬೇಕು.

ಸಮಾರಂಭ ಮುಗಿದು ತಿಂಗಳಾಗಿತ್ತು. ಅದೇ ಹುಡುಗನನ್ನು ಕರೆದು ತೋರಿಸಿದೆ. ಬೆರಳಿಟ್ಟು ಚುಕ್ಕೆ ಎಣಿಸಿ, “ಎರಡ ಅದಾವ್ರಿ ಹಜರತ್” ಎಂದ.