‘ವಿಲಾಯತಿ’ ಮತ್ತು ‘ನಾಡ’: ನರಗುಂದ ಸೀಮೆಯ ಆಯುಧೇತಿಹಾಸದಲ್ಲಿ ದೇಶನಾಮದ ಪ್ರತಿಷ್ಠೆ

ಒಂದು ಕೋವಿ ಯಾವ ದೇಶದಲ್ಲಿ ತಯಾರಾಯಿತೆಂದು ತಿಳಿದೊಡನೆ ಅದರ ಗುಣಾವಗುಣಗಳನ್ನು ನಿರ್ಣಯಿಸಿಬಿಡುವ ರೂಢಿ ಬಹು ಹಳೆಯದು. ಆ ರೂಢಿಯ ಗುರುತು ನಮ್ಮ ಭಾಷೆಯಲ್ಲಿಯೇ ಉಳಿದುಕೊಂಡಿದೆ. ತೋಪಿಗೆ ಕನ್ನಡಿಗರು ಬಳಸುವ ‘ಫಿರಂಗಿ’ ಎಂಬ ಮಾತು ‘ಫ್ರಾಂಕರು’, ಅಂದರೆ ಯುರೋಪಿಯನ್ನರು, ಎಂಬ ಅರ್ಥದ ಪಾರಸಿ ಶಬ್ದದಿಂದ ಬಂದುದು. ‘ತುಪಾಕಿ’ಯು ತುರ್ಕಿ ಭಾಷೆಯಿಂದ ಬಂದುದು. ಇದಕ್ಕೆ ಎದುರಾಗಿ ‘ನಾಡ’ ಎಂಬ ವಿಶೇಷಣವನ್ನು ನೋಡಬೇಕು. ನಾಡದೇವಿ, ನಾಡಹಬ್ಬ, ನಾಡಗೀತೆ ಎಂಬಲ್ಲಿ ಗೌರವವನ್ನು ಸೂಚಿಸುವ ಈ ಪದವು ‘ನಾಡಬಂದೂಕು’ ಎಂಬಲ್ಲಿ ಮಾತ್ರ ಕೀಳುತನವನ್ನೂ ಅಪರಾಧವನ್ನೂ ಸೂಚಿಸುತ್ತದೆ. ಇದು ಹೇಗಾಯಿತು? ಲೋಹದ ದೋಷದಿಂದಲೋ, ಇತಿಹಾಸದ ಗತಿಯಿಂದಲೋ? ಇಂದು ಗದಗ ಜಿಲ್ಲೆಗೆ ಸೇರಿದ ನರಗುಂದ, ರೋಣ, ಗಜೇಂದ್ರಗಡಗಳ ಎರೆನೆಲದ ಸೀಮೆಯನ್ನು ಕೇಂದ್ರವಾಗಿಟ್ಟುಕೊಂಡು ಈ ಪ್ರಶ್ನೆಯನ್ನು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಹೆಸರು ಮತ್ತು ವಸ್ತುಗಳ ಸಂಬಂಧವನ್ನು ಪರಿಶೀಲಿಸೋಣ. ಮರಾಠರ ಕಾಲದಲ್ಲಿ ‘ಫಿರಂಗಿ’ ಎಂಬುದು ಒಂದು ಬಗೆಯ ನೇರವಾದ ಕತ್ತಿಗೂ ಹೆಸರಾಗಿತ್ತು. ಮೊದಮೊದಲು ಅದರ ಅಲಗು ಯುರೋಪಿನಿಂದ ಬರುತ್ತಿತ್ತು. ಮುಂದೆ ಈ ದೇಶದ ಕಮ್ಮಾರರು ಅದೇ ಮಾದರಿಯ ಅಲಗುಗಳನ್ನು ಮಾಡತೊಡಗಿದರೂ ಹೆಸರು ಬದಲಾಗಲಿಲ್ಲ. ವಸ್ತು ಸ್ವದೇಶದ್ದು, ಪ್ರತಿಷ್ಠೆ ಪರದೇಶದ್ದು ಎಂಬಂತಾಯಿತು. ಇದಕ್ಕೆ ವಿಪರೀತವಾದ ಉದಾಹರಣೆಯೂ ಉಂಟು. ಮೂಸೆಯಲ್ಲಿ ಕರಗಿಸಿ ಮಾಡುತ್ತಿದ್ದ ದಕ್ಷಿಣ ಭಾರತದ ಉಕ್ಕು ಶತಮಾನಗಳ ಕಾಲ ಪಶ್ಚಿಮ ಏಷ್ಯಕ್ಕೆ ಹೋಗಿ, ಅಲ್ಲಿ ಕತ್ತಿಯಾಗಿ, ‘ಡಮಾಸ್ಕಸ್’ ಎಂಬ ಪರಸ್ಥಳದ ಹೆಸರಿನಿಂದ ಕೀರ್ತಿಯನ್ನು ಪಡೆಯಿತು. 1794ರಲ್ಲಿ ಮುಂಬಯಿಯ ವೈದ್ಯ ಹೆಲೆನಸ್ ಸ್ಕಾಟನು ಈ ಉಕ್ಕಿನ ಮಾದರಿಗಳನ್ನು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸನಿಗೆ ಕಳಿಸಿದನು. ಮರುವರ್ಷ ಜಾರ್ಜ್ ಪಿಯರ್ಸನ್ ಅದರ ಪರೀಕ್ಷೆಯ ಫಲಿತಾಂಶವನ್ನು ಪ್ರಕಟಿಸಿದನು. ಅವರು ಇದಕ್ಕೆ ಬಳಸಿದ ‘ವೂಟ್ಜ್’ ಎಂಬ ಹೆಸರು ಕನ್ನಡದ ‘ಉಕ್ಕು’ ಎಂಬುದರ ಅಪಭ್ರಂಶವೆಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪಿದ್ದಾರೆ. ಮುಂದೆ ಮೈಕೆಲ್ ಫ್ಯಾರಡೆಯಂಥ ವಿಜ್ಞಾನಿಯೂ ಇದರ ರಹಸ್ಯವನ್ನು ಅರಿಯಲು ಪ್ರಯೋಗಗಳನ್ನು ನಡೆಸಿದನು. ಕನ್ನಡನಾಡು ಫಿರಂಗಿಯನ್ನು ಪಡೆದುಕೊಂಡಿತು, ಉಕ್ಕನ್ನು ಕೊಟ್ಟಿತು. ಎರಡು ಕಡೆಗೂ ನಡೆದ ಈ ವ್ಯವಹಾರದಲ್ಲಿ ಒಂದು ಕಡೆಯ ಕೀರ್ತಿ ಮಾತ್ರ ಜನರ ನೆನಪಿನಲ್ಲಿ ನಿಂತಿತು.

ಇನ್ನು ನರಗುಂದದ ಕಡೆಗೆ ಬರೋಣ. 1785ರಲ್ಲಿ ಟಿಪ್ಪೂ ಸುಲ್ತಾನನ ಸೇನಾಪತಿ ಬುರ್ಹಾನುದ್ದೀನನು ನರಗುಂದಕ್ಕೆ ಮುತ್ತಿಗೆ ಹಾಕಿ ವೆಂಕಟರಾವ ಭಾವೆಯಿಂದ ಅದನ್ನು ಗೆದ್ದುಕೊಂಡನು. ಮರುವರ್ಷ ಮರಾಠರು ಬಾದಾಮಿಯನ್ನೂ ಗಜೇಂದ್ರಗಡವನ್ನೂ ಹಿಡಿದರು. 1787ರ ಗಜೇಂದ್ರಗಡದ ಕೌಲಿನ ಮೇರೆಗೆ ನರಗುಂದವು ಮರಾಠರ ಕಡೆಗೆ ಮರಳಿತು. ಈ ಯುದ್ಧಗಳಲ್ಲಿ ತೊಡಗಿದ ಮೈಸೂರು ಸರಕಾರವು ಆಯುಧಗಳಿಗಾಗಿ ಪರದೇಶವನ್ನಷ್ಟೇ ನೆಚ್ಚಿದ್ದುದಲ್ಲ. ಶ್ರೀರಂಗಪಟ್ಟಣದಲ್ಲಿ ಅದರ ಸ್ವಂತ ಕಾರ್ಖಾನೆಗಳಿದ್ದವು. ಅಲ್ಲಿ ತಯಾರಾದ ಕೋವಿಗಳು ಇಂದಿಗೂ ಬ್ರಿಟನ್ನಿನ ಸಂಗ್ರಹಗಳಲ್ಲಿ ಉಳಿದಿವೆ. ಅವುಗಳ ಕಿಡಿಗಲ್ಲಿನ ಚಾಪು ಯುರೋಪಿಯನ್ ಮಾದರಿಯದು. ಹುಲಿಪಟ್ಟೆಯ ಅಲಂಕಾರ ಮತ್ತು ಮುದ್ರೆಗಳು ಮೈಸೂರಿನವು. ಅದೇ ಟಿಪ್ಪೂ 1788ರಲ್ಲಿ ಫ್ರಾನ್ಸಿನ ಹದಿನಾರನೆಯ ಲೂಯಿಯ ಆಸ್ಥಾನಕ್ಕೆ ಬಂದು ಮುಟ್ಟಿದ ತನ್ನ ರಾಯಭಾರಿಗಳ ಮೂಲಕ ಕುಶಲಕರ್ಮಿಗಳನ್ನೂ ಬೇಡಿದನೆಂಬುದು ಗಮನಾರ್ಹ. ಸಿದ್ಧ ಸರಕನ್ನು ಕೊಳ್ಳುವುದಕ್ಕಿಂತ ಅದನ್ನು ಸಿದ್ಧಪಡಿಸುವ ಕೈಗಳನ್ನು ಪಡೆಯುವುದು ಲೇಸೆಂದು ಆತನು ಬಗೆದಂತೆ ತೋರುತ್ತದೆ. ಗುಣವು ಮಣ್ಣಿನಲ್ಲಿಲ್ಲ, ವಿದ್ಯೆಯಲ್ಲಿದೆ ಎಂಬ ತಿಳುವಳಿಕೆ ಇದರ ಹಿಂದಿದೆ.

ಸೋತವರ ಆಯುಧ ಕೆಟ್ಟದ್ದೇ ಇದ್ದಿರಬೇಕೆಂಬ ತರ್ಕವೊಂದು ಇತಿಹಾಸ ಗ್ರಂಥಗಳಲ್ಲಿ ಆಗಾಗ ಕಾಣಿಸಿಕೊಳ್ಳುತ್ತದೆ. ಇದು ನಿಲ್ಲುವ ಮಾತಲ್ಲ. 1800ರ ಜುಲೈಯಲ್ಲಿ ಧೋಂಡಿಯ ವಾಘನ ಬೆನ್ನಟ್ಟಿ ಬಂದು ಗದಗಿನ ಬಳಿಯ ಡಂಬಳವನ್ನು ಹಿಡಿದ ಆರ್ಥರ್ ವೆಲ್ಲೆಸ್ಲಿಯು 1803ರಲ್ಲಿ ಅಸ್ಸೇಯ ಕದನದಲ್ಲಿ ಸಿಂಧಿಯ ಮತ್ತು ಭೋಸಲೆಯವರ ಸೈನ್ಯವನ್ನು ಸೋಲಿಸಿದನು. ಅಲ್ಲಿ ಕೈವಶವಾದ ಮರಾಠರ ಕಂಚಿನ ತೋಪುಗಳ ಉತ್ತಮ ಗುಣವನ್ನು ಆ ವಿಜಯಿಯೇ ಮೆಚ್ಚಿ ಬರೆದನು. ತೋಪು ಒಳ್ಳೆಯದಿದ್ದೂ ಕದನ ಕಳೆಯಬಹುದು; ಸೋಲು ಲೋಹಪರೀಕ್ಷೆಯಲ್ಲ.

ಹಾಗಾದರೆ ವಿಲಾಯತಿ ಆಯುಧಗಳ ಶ್ರೇಷ್ಠತೆಯು ಕೇವಲ ಭ್ರಮೆಯೇ? ಹಾಗೆ ಹೇಳುವುದೂ ಸತ್ಯಕ್ಕೆ ದೂರ. ಆ ದೇಶಗಳಲ್ಲಿ ಬೆಳೆದ ಎರಡು ಪದ್ಧತಿಗಳು ನಿಜವಾದ ಅಂತರವನ್ನುಂಟುಮಾಡಿದವು. ಮೊದಲನೆಯದು ನಳಿಗೆಯ ಪರೀಕ್ಷೆ. ಸಿದ್ಧವಾದ ನಳಿಗೆಯಲ್ಲಿ ವಾಡಿಕೆಗಿಂತ ಹೆಚ್ಚು ಮದ್ದನ್ನು ತುಂಬಿ ಹಾರಿಸಿ, ಅದು ಬಿರಿಯದೆ ಉಬ್ಬದೆ ಉಳಿದರೆ ಮಾತ್ರ ಮುದ್ರೆಯೊತ್ತುವ ಕ್ರಮವಿದು. ಲಂಡನ್ನಿನ ಕೋವಿಗಾರರ ಸಂಘಕ್ಕೆ 1637ರಲ್ಲಿ ರಾಜಶಾಸನ ದೊರೆಯಿತು. ಈಗಿನ ಬೆಲ್ಜಿಯಮ್ಮಿನ ಲಿಯೇಜ್ ಪಟ್ಟಣದಲ್ಲಿ 1672ರಲ್ಲಿ, ಬರ್ಮಿಂಗ್‌ಹ್ಯಾಮಿನಲ್ಲಿ 1813ರಲ್ಲಿ ಇಂಥ ಪರೀಕ್ಷೆಯ ಕಟ್ಟಳೆಗಳಾದವು. ಎರಡನೆಯದು, ಅಳತೆಗೋಲುಗಳಿಂದ ಪರೀಕ್ಷಿಸಿ ಒಂದು ಕೋವಿಯ ಭಾಗವು ಇನ್ನೊಂದಕ್ಕೆ ಹೊಂದುವಂತೆ ಯಂತ್ರದಿಂದ ತಯಾರಿಸುವ ಪದ್ಧತಿ. ಇದನ್ನು ಆಂಗ್ಲರೇ ಅಮೆರಿಕದಿಂದ ಕಲಿಯಬೇಕಾಯಿತು. 1850ರ ದಶಕದಲ್ಲಿ ಎನ್‌ಫೀಲ್ಡಿನ ಸರಕಾರಿ ಕಾರ್ಖಾನೆಗೆ ಅಮೆರಿಕದ ಯಂತ್ರಗಳನ್ನು ತರಿಸಿದರು. ಶ್ರೇಷ್ಠತೆಯು ಇಂಗ್ಲೆಂಡೆಂಬ ಹೆಸರಿನಲ್ಲಿ ಹುಟ್ಟಿದ್ದರೆ ಈ ಸಾಲದ ಅಗತ್ಯ ಬೀಳುತ್ತಿರಲಿಲ್ಲ.

ಯುರೋಪಿನ ಒಳಗೂ ಹೆಸರಿನ ವ್ಯಾಪಾರ ನಡೆದಿತ್ತು. ಲಂಡನ್ನಿನ ಅಂಗಡಿಗಳ ಹೆಸರು ಹೊತ್ತ ಎಷ್ಟೋ ಜೋಡುನಳಿಗೆಯ ಕೋವಿಗಳು ವಾಸ್ತವದಲ್ಲಿ ಬರ್ಮಿಂಗ್‌ಹ್ಯಾಮಿನ ಕುಶಲಕರ್ಮಿಗಳ ಕೆಲಸವಾಗಿದ್ದವು. ಪ್ರಸಿದ್ಧ ಆಂಗ್ಲ ಮನೆತನಗಳ ಹೆಸರನ್ನು ಹೋಲುವ ಹೆಸರುಗಳನ್ನು ಕೊರೆದ ಬೆಲ್ಜಿಯಮ್ಮಿನ ಅಗ್ಗದ ಕೋವಿಗಳು ಪೇಟೆಗೆ ಬಂದವು. ಸುರುಳಿ ಸುತ್ತಿ ಬೆಸೆದ ನಳಿಗೆಗಳಿಗೆ ‘ಡಮಾಸ್ಕಸ್’ ಎಂದೇ ಹೆಸರಿಟ್ಟು ಮಾರಿದರು. ಅವು ಮೂಸೆಯ ಉಕ್ಕಿನವೂ ಅಲ್ಲ, ಆ ಪಟ್ಟಣದಿಂದ ಬಂದವೂ ಅಲ್ಲ. ಪರದೇಶದ ಸರಕುಗಳ ಮೇಲೆ ಆಂಗ್ಲ ಹೆಸರು ಮೆರೆಯುವುದನ್ನು ತಡೆಯಲು ಬ್ರಿಟನ್ನು 1887ರಲ್ಲಿ ಸರಕುಮುದ್ರೆಗಳ ಕಾಯಿದೆಯನ್ನೇ ಮಾಡಬೇಕಾಯಿತು.

ನಮ್ಮ ಸೀಮೆಯಲ್ಲಿಯೇ ಇದಕ್ಕೆ ಸಮಾನವಾದ ಇನ್ನೊಂದು ಪ್ರಕರಣವಿದೆ; ಅದು ಹತ್ತಿಯದು. ಧಾರವಾಡ ಪ್ರಾಂತದಲ್ಲಿ 1840ರ ದಶಕದಲ್ಲಿ ಬೇರೂರಿದ ಅಮೆರಿಕದ ತಳಿಯನ್ನು ರೈತರು ‘ವಿಲಾಯತಿ ಹತ್ತಿ’ ಎಂದೂ, ಸ್ಥಳೀಯ ತಳಿಯನ್ನು ‘ಜವಾರಿ ಹತ್ತಿ’ ಎಂದೂ ಕರೆದರು. ವಿಲಾಯತಿ ಎಂಬ ಹೆಸರಿಗೆ ಬೆಲೆ ಬಂದುದರಿಂದ ಕಲಬೆರಕೆಯೂ ಬಂದಿತು. ಆಗ ಮುಂಬಯಿ ಸರಕಾರವು 1863ರಲ್ಲಿ ಹತ್ತಿಯ ಮೋಸವನ್ನು ತಡೆಯುವ ಕಾಯಿದೆ ಮಾಡಿ ಪರೀಕ್ಷಕರನ್ನು ನೇಮಿಸಿತು. ಅಂದರೆ ಹತ್ತಿಯ ವಿಷಯದಲ್ಲಿ ಸರಕಾರವು ಗುಣಪರೀಕ್ಷೆಯ ಮಾರ್ಗವನ್ನು ಹಿಡಿಯಿತು. ಕೋವಿಯ ವಿಷಯದಲ್ಲಿ ಅದು ಹಿಡಿದ ಮಾರ್ಗ ಬೇರೆ.

1857ರ ದಂಗೆಯ ಕಾಲದಲ್ಲಿಯೇ ಆಯುಧಗಳ ತಯಾರಿಕೆ, ಮಾರಾಟ, ಆಮದುಗಳನ್ನು ನಿರ್ಬಂಧಿಸುವ 28ನೆಯ ಕಾಯಿದೆ ಬಂದಿತು. ಅದೇ ವರ್ಷದ ನವೆಂಬರಿನಲ್ಲಿ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆಯುಧಗಳನ್ನೊಪ್ಪಿಸಲು ಒಲ್ಲದೆ ಎದುರುನಿಂತರು, ಹಲವರು ಗಲ್ಲಿಗೇರಿದರು. ಫ್ಲೀಟನು ಸಂಗ್ರಹಿಸಿದ ಲಾವಣಿಯ ಮೂಲಕ ಈ ಸಂಗತಿ ನಮ್ಮ ವಿದ್ಯಾರ್ಥಿಗಳಿಗೆ ಸುಪರಿಚಿತವಾಗಿದೆ. ನರಗುಂದದಲ್ಲಿ ಭಾಸ್ಕರರಾವ ಭಾವೆಯ, ಎಂದರೆ ಬಾಬಾಸಾಹೇಬನ, ಅಸಮಾಧಾನಕ್ಕೆ ದತ್ತಕದ ನಿರಾಕರಣೆಯು ಮುಖ್ಯ ಕಾರಣ. ತೋಪು ಮದ್ದುಗಳನ್ನು ಧಾರವಾಡಕ್ಕೆ ಕಳಿಸಬೇಕೆಂಬ ಒತ್ತಾಯವು ಅದಕ್ಕೆ ಕೂಡಿಕೊಂಡಿತು. 1858ರ ಮೇ 29ರ ರಾತ್ರಿ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಹತನಾದನು. ಜೂನ್ ಮೊದಲ ವಾರದಲ್ಲಿ ನರಗುಂದ ಬಿದ್ದಿತು; ಜೂನ್ 12ರಂದು ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು. ದಂಗೆ ಅಡಗಿದ ಮೇಲೆಯೂ ನಿರ್ಬಂಧ ಅಡಗಲಿಲ್ಲ. 1860ರ ಕಾಯಿದೆ, ಅನಂತರ 1878ರ ಭಾರತೀಯ ಆಯುಧ ಕಾಯಿದೆ ಬಂದು, ಪರವಾನಗಿಯಿಲ್ಲದೆ ಕೋವಿ ಮಾಡುವುದೂ ಮಾರುವುದೂ ಅಪರಾಧವಾದವು.

ಇದರ ಪರಿಣಾಮವನ್ನು ಕಮ್ಮಾರಸಾಲೆಯ ದೃಷ್ಟಿಯಿಂದ ನೋಡಬೇಕು. ಲಿಯೇಜಿನ ಕಮ್ಮಾರನಿಗೆ ಕಾಯಿದೆಯು ಪರೀಕ್ಷಾಗೃಹವನ್ನು ಕೊಟ್ಟಿತು. ನಮ್ಮ ಕಮ್ಮಾರನಿಗೆ ಅದು ಭಯವನ್ನು ಕೊಟ್ಟಿತು. ಬಹಿರಂಗವಾಗಿ ಮಾಡಲಾಗದ ವಸ್ತುವಿಗೆ ಅಳತೆಯಿಲ್ಲ, ಮುದ್ರೆಯಿಲ್ಲ, ಮಾಡಿದವನ ಹೆಸರಿಲ್ಲ. ಅಡಗಿ ಮಾಡಿದ ಕೋವಿ ದಿನೇದಿನೇ ಒರಟಾಯಿತು. ಅದು ಒರಟಾದುದನ್ನು ತೋರಿಸಿ ‘ನಾಡ’ ಕೆಲಸವೇ ಇಂಥದೆಂದು ಸಿದ್ಧಾಂತ ಮಾಡಲಾಯಿತು. ಪರವಾನಗಿ ಪಡೆಯಬಲ್ಲ ಉಳ್ಳವರು ವಿಲಾಯತಿ ಜೋಡುನಳಿಗೆಗಳನ್ನು ಕೊಂಡರು. ಹೀಗೆ ದೇಶಭೇದಕ್ಕೆ ಅಂತಸ್ತಿನ ಭೇದವೂ ಸೇರಿತು. ಸ್ವತಂತ್ರ ಭಾರತದ 1959ರ ಆಯುಧ ಕಾಯಿದೆಯು ಹಳೆಯ ಕಾಯಿದೆಯನ್ನು ತೆಗೆದುಹಾಕಿ, ಬೆಳೆರಕ್ಷಣೆಗಾಗಿ ಬಾಯಿಯಿಂದ ಮದ್ದು ತುಂಬುವ ಕೋವಿಗೆ ಪರವಾನಗಿಯ ಅವಕಾಶವಿಟ್ಟಿತು. ಸರಕಾರಿ ಕಾರ್ಖಾನೆಗಳಲ್ಲಿಯೂ ಬೇಟೆಯ ಕೋವಿಗಳು ತಯಾರಾದವು. ಆದರೂ ಶಬ್ದಕ್ಕೆ ಅಂಟಿದ ಕಳಂಕ ಹೋಗಲಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ದೇಶಾಭಿಮಾನದಿಂದ ಹಳೆಯ ನಾಡಕೋವಿಗಳೆಲ್ಲ ಉತ್ತಮವಾಗಿದ್ದವೆಂದು ಸಾಧಿಸುವುದು ಈ ಲೇಖನದ ಹೇಳಿಕೆಯಲ್ಲ. ಪರೀಕ್ಷೆಯ ಪದ್ಧತಿ ಇಲ್ಲದಲ್ಲಿ ಒಳ್ಳೆಯ ಕಮ್ಮಾರನ ನಳಿಗೆಯನ್ನೂ ಕೆಟ್ಟವನ ನಳಿಗೆಯನ್ನೂ ಕೊಳ್ಳುವವನು ಬೇರ್ಪಡಿಸಲಾರನು. ಬಿರಿದ ನಳಿಗೆಯು ಹಾರಿಸಿದವನ ಕೈಯನ್ನೇ ಕಳೆಯುತ್ತದೆ. ವಿಲಾಯತಿ ಹೆಸರನ್ನು ನಂಬುವುದೂ ನಾಡ ಹೆಸರನ್ನು ನಂಬುವುದೂ ಒಂದೇ ಬಗೆಯ ತಪ್ಪು. ಲಂಡನ್, ಲಿಯೇಜ್‌ಗಳ ಕೋವಿಯಲ್ಲಿ ನೆಚ್ಚತಕ್ಕದ್ದೇನಾದರೂ ಇದ್ದರೆ ಅದು ಊರಿನ ಹೆಸರಲ್ಲ, ನಳಿಗೆಯ ಬುಡದಲ್ಲಿ ಒತ್ತಿದ ಪರೀಕ್ಷೆಯ ಮುದ್ರೆ.

ಆದುದರಿಂದ ಈ ಸೀಮೆಯ ಆಯುಧಗಳನ್ನು ಅಭ್ಯಸಿಸುವವರು ವಸ್ತುಸಂಗ್ರಹಾಲಯಗಳಲ್ಲಿ ‘ದೇಶೀಯ’ ಎಂಬ ಚೀಟಿಯನ್ನು ಕಂಡಾಗ ಅಲ್ಲಿಗೆ ನಿಲ್ಲಬಾರದು. ನಳಿಗೆಯ ಗೋಡೆಯ ದಪ್ಪ, ಬೆಸುಗೆಯ ರೀತಿ, ಲೋಹದ ಘಟನೆ, ಚಾಪಿನ ಮಾದರಿ, ಮುದ್ರೆ ಇವುಗಳನ್ನು ಅಳೆದು ಬರೆದಿಡಬೇಕು. ಹಾಗೆ ಬರೆದಿಟ್ಟಾಗ, ಸೋತ ಸಂಸ್ಥಾನವೊಂದರ ಕಮ್ಮಾರರು ಏನು ಬಲ್ಲವರಾಗಿದ್ದರು, ಏನು ಅರಿಯದವರಾಗಿದ್ದರು ಎಂಬುದನ್ನು ಗೆದ್ದವರ ಕಾಯಿದೆಯ ಮಾತಿನಿಂದಲ್ಲದೆ ಅವರ ಕೆಲಸದಿಂದಲೇ ತಿಳಿಯಲು ಸಾಧ್ಯವಾದೀತು.