ವಜ್ರಮುಷ್ಟಿ ಕಾಳಗ

ವಜ್ರಮುಷ್ಟಿ ಕಾಳಗವು ಬೆರಳ ಗಿಣ್ಣುಗಳ ಮೇಲೆ ಮೊನಚಾದ ಆಯುಧವನ್ನು ಧರಿಸಿ, ಕೈಯಳತೆಯ ಅಂತರದಲ್ಲಿ ನಡೆಸುವ ದ್ವಂದ್ವಯುದ್ಧವಾಗಿದೆ. ಕರ್ನಾಟಕದಲ್ಲಿ ಇದನ್ನು ಜಟ್ಟಿ (ಜೆಟ್ಟಿ ಎಂಬ ರೂಪವೂ ಬಳಕೆಯಲ್ಲಿದೆ) ಸಮುದಾಯದವರು ವಂಶಪಾರಂಪರ್ಯವಾಗಿ ಉಳಿಸಿಕೊಂಡು ಬಂದಿದ್ದಾರೆ. ಮೈಸೂರು ದಸರಾ ಸಂದರ್ಭದಲ್ಲಿ, ವಿಜಯದಶಮಿಯ ದಿನ ಮೈಸೂರು ಅರಮನೆಯಲ್ಲಿ ಈ ಕಾಳಗವು ಧಾರ್ಮಿಕ ವಿಧಿಯ ಅಂಗವಾಗಿ ನಡೆಯುತ್ತದೆ. ಇದನ್ನು ಜಟ್ಟಿ ಕಾಳಗ ಎಂದೂ ಕರೆಯುತ್ತಾರೆ.

ಹೆಸರು ಮತ್ತು ಆಯುಧ

ಸಂಸ್ಕೃತದಲ್ಲಿ ವಜ್ರಮುಷ್ಟಿ ಎಂದರೆ ವಜ್ರದಂತೆ ಕಠಿಣವಾದ ಮುಷ್ಟಿ ಎಂದರ್ಥ. ಈ ಪದವು ಕಾಳಗಕ್ಕೂ ಆಯುಧಕ್ಕೂ ಸಲ್ಲುತ್ತದೆ. ಆಯುಧಕ್ಕೆ ವಜ್ರನಖ ಎಂಬ ಹೆಸರೂ ಇದೆ. ಹಿಂದೆ ಇದನ್ನು ಆನೆಯ ದಂತ ಅಥವಾ ಪ್ರಾಣಿಗಳ ಕೊಂಬಿನಿಂದ ಮಾಡುತ್ತಿದ್ದರು. ಲೋಹದ ಮೊನೆಗಳುಳ್ಳ ಬಗೆಗಳೂ ಇದ್ದವು. ಬಲಗೈಯ ಬೆರಳುಗಳನ್ನು ಇದರೊಳಗೆ ತೂರಿಸಿ ಮುಷ್ಟಿ ಬಿಗಿದಾಗ ಮೊನೆಗಳು ಗಿಣ್ಣುಗಳ ಮೇಲೆ ಎದ್ದು ನಿಲ್ಲುತ್ತವೆ. ಎಡಗೈ ಬರಿದಾಗಿದ್ದು, ಎದುರಾಳಿಯ ಕೈಯನ್ನು ತಡೆಯಲು ಮತ್ತು ಹಿಡಿಯಲು ಬಳಕೆಯಾಗುತ್ತದೆ. ಆಯುಧವು ತೋಳಿನ ಉದ್ದವನ್ನು ಹೆಚ್ಚಿಸದ ಕಾರಣ ಹೋರಾಟವೆಲ್ಲ ಅತಿ ಸಮೀಪದಲ್ಲಿಯೇ ನಡೆಯಬೇಕಾಗುತ್ತದೆ.

ಇತಿಹಾಸ

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸುಮಾರು 1130ರಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದ ಎಂಬ ಭಾಗವಿದೆ. ಅದರಲ್ಲಿ ಮಲ್ಲರನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ ಮತ್ತು ಗೋವಲ ಎಂದು ವರ್ಗೀಕರಿಸಲಾಗಿದೆ. ಜಟ್ಟಿ ಎಂಬ ಹೆಸರನ್ನು ಜ್ಯೇಷ್ಠಿ ಎಂಬ ಪದದೊಂದಿಗೆ ಸಂಬಂಧಿಸಲಾಗುತ್ತದೆ. ಗುಜರಾತಿನ ಮೊಢೇರಾದೊಂದಿಗೆ ನಂಟಿರುವ ಜ್ಯೇಷ್ಠೀಮಲ್ಲರು ಇದೇ ಬಗೆಯ ಮಲ್ಲ ಸಮುದಾಯದವರು. ಲಿಂಬಜಾ ಅಥವಾ ನಿಂಬಜಾ ದೇವಿ ಅವರ ಕುಲದೇವತೆ. ಅವರ ಪರಂಪರೆಯನ್ನು 'ಮಲ್ಲಪುರಾಣ' ಎಂಬ ಗ್ರಂಥವು ವಿವರಿಸುತ್ತದೆ.

ವಿಜಯನಗರದ ಮಹಾನವಮಿ ಉತ್ಸವವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್, ಅಲ್ಲಿನ ಮಲ್ಲರ ಹೋರಾಟವು ತನ್ನ ನಾಡಿನ ಕುಸ್ತಿಯಂತಿರದೆ, ಹಲ್ಲು ಮುರಿದು ಮುಖ ವಿರೂಪಗೊಳ್ಳುವಷ್ಟು ಬಲವಾದ ಹೊಡೆತಗಳಿಂದ ಕೂಡಿತ್ತು ಎಂದು ಬರೆದಿದ್ದಾನೆ. ಅವನ ನಂತರ ಬಂದ ಫೆರ್ನಾವೊ ನೂನಿಜ್, ಮಲ್ಲರು ಕೈಯಲ್ಲಿ ಹಿಡಿದ ಮೊನೆಗಳುಳ್ಳ ಬಳೆಗಳಿಂದ ಪರಸ್ಪರ ಗಾಯಗೊಳಿಸುತ್ತಿದ್ದರೆಂದು ದಾಖಲಿಸಿದ್ದಾನೆ.

ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ದಸರಾ ಆಚರಣೆಯನ್ನು ಆರಂಭಿಸಿದರು. ಟಿಪ್ಪು ಸುಲ್ತಾನನ ಕಾಲದಲ್ಲಿ ಸೆರೆಯಾಳಾಗಿದ್ದ ಜೇಮ್ಸ್ ಸ್ಕರಿಯ ವೃತ್ತಾಂತವು 1824ರಲ್ಲಿ ಪ್ರಕಟವಾಯಿತು. ಜಟ್ಟಿಗಳು ತಲೆ ಬೋಳಿಸಿ, ಮೈಗೆ ಎಣ್ಣೆ ಹಚ್ಚಿ, ಗಿಡ್ಡ ಚಲ್ಲಣ ತೊಟ್ಟು ಬರುತ್ತಿದ್ದರು. ಕೊರಳ ಹೂವನ್ನು ಎದುರಾಳಿಯ ಮುಖಕ್ಕೆ ಎಸೆದು ಕಾಳಗ ಆರಂಭಿಸುತ್ತಿದ್ದರು ಎಂದು ಅವನು ವಿವರಿಸುತ್ತಾನೆ. ಹೊಡೆತದ ಜೊತೆಗೆ ಹಿಡಿತಗಳೂ ಇದ್ದು, ಬಿಡಿಸಿಕೊಳ್ಳಲಾಗದ ಪಟ್ಟು ಹಾಕಿದವನೇ ಗೆಲ್ಲುತ್ತಿದ್ದನು; ಕೈಕಾಲುಗಳು ಮುರಿಯುವುದೂ ಉಂಟಾಗಿತ್ತು.

ಜಟ್ಟಿಗಳ ವೃತ್ತಿ

ಎಡ್ಗರ್ ಥರ್ಸ್ಟನ್ ಅವರು 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ ಮತ್ತು ಬುಡಕಟ್ಟುಗಳ ಸಂಪುಟಗಳಲ್ಲಿ ಜಟ್ಟಿಗಳನ್ನು ವೃತ್ತಿನಿರತ ಮಲ್ಲರೆಂದು ಗುರುತಿಸಿದ್ದಾರೆ. ಇವರು ಜನಿವಾರ ಧರಿಸುತ್ತಿದ್ದರು, ನರಗಳ ನೋವಿಗೆ ಲೇಪ ಹಚ್ಚಿ ಮೈ ನೀವುತ್ತಿದ್ದರು ಹಾಗೂ ಮೈಸೂರು ಅರಸರ ಕಾಲದಲ್ಲಿ ಮರಣದಂಡನೆ ಜಾರಿಗೊಳಿಸುವ ಕೆಲಸಕ್ಕೂ ನೇಮಕಗೊಂಡಿದ್ದರು ಎಂಬ ಉಲ್ಲೇಖ ಅದರಲ್ಲಿದೆ. ದೇಹದ ಕೀಲು ಮತ್ತು ನರಗಳ ಅರಿವು ಒಂದೆಡೆ ಚಿಕಿತ್ಸೆಗೂ ಮತ್ತೊಂದೆಡೆ ಕಾಳಗಕ್ಕೂ ನೆರವಾಗಿತ್ತು.

ದಸರಾ ಕಾಳಗದ ಕ್ರಮ

ಮೈಸೂರು, ಬೆಂಗಳೂರು, ಚನ್ನಪಟ್ಟಣ ಮತ್ತು ಚಾಮರಾಜನಗರಗಳ ಜಟ್ಟಿಗಳು ಇದರಲ್ಲಿ ಭಾಗವಹಿಸುತ್ತಾರೆ. ಸಾಮಾನ್ಯವಾಗಿ ಎರಡು ಜೋಡಿಗಳನ್ನು ಆಯ್ಕೆ ಮಾಡಲಾಗುತ್ತದೆ. ಜಟ್ಟಿಗಳು ತಲೆ ಬೋಳಿಸಿಕೊಂಡು, ಪೂಜೆ ಸಲ್ಲಿಸಿ, ಅರಮನೆಯೊಳಗಿನ ಮಣ್ಣಿನ ಅಖಾಡಕ್ಕೆ ಇಳಿಯುತ್ತಾರೆ. ರಾಜವಂಶಸ್ಥರ ಸಮ್ಮುಖದಲ್ಲಿ ಹಿರಿಯ ಉಸ್ತಾದರು ಕಾಳಗವನ್ನು ನಿಯಂತ್ರಿಸುತ್ತಾರೆ. ಒಬ್ಬನ ತಲೆಯಿಂದ ಮೊದಲ ರಕ್ತ ಚಿಮ್ಮಿದೊಡನೆ ಕಾಳಗವನ್ನು ನಿಲ್ಲಿಸಲಾಗುತ್ತದೆ. ಆದ್ದರಿಂದ ಅದು ಹೆಚ್ಚು ಹೊತ್ತು ನಡೆಯುವುದಿಲ್ಲ. ಬಳಿಕ ರಾಜವಂಶಸ್ಥರು ವಿಜಯಯಾತ್ರೆ ಹೊರಟು ಅರಮನೆ ಆವರಣದ ಭುವನೇಶ್ವರಿ ದೇವಾಲಯದ ಬಳಿ ಬನ್ನಿ ಪೂಜೆ ನೆರವೇರಿಸುತ್ತಾರೆ.

ಚೀನಾದ ಸಮರಕಲೆಗಳೊಂದಿಗೆ ಹೋಲಿಕೆ

ಸಮೀಪದ ಕೈಹೋರಾಟಕ್ಕೆ ಪ್ರಾಧಾನ್ಯ ನೀಡುವ ಪದ್ಧತಿಗಳು ದಕ್ಷಿಣ ಚೀನಾದಲ್ಲಿಯೂ ಇವೆ. ವಿಂಗ್ ಚುನ್ ಪದ್ಧತಿಯಲ್ಲಿ ಸಿಯು ನಿಮ್ ತಾವ್, ಚುಮ್ ಕಿಯು ಮತ್ತು ಬಿಯು ಜಿ ಎಂಬ ಮೂರು ಬರಿಗೈ ವರಸೆಗಳಿದ್ದು, ಕೊನೆಯದರಲ್ಲಿ ಬೆರಳ ತುದಿಯ ತಿವಿತಗಳು ಬರುತ್ತವೆ. ದಕ್ಷಿಣದ ಮಿಡತೆ ಪದ್ಧತಿಯಲ್ಲಿ ತೋರುಬೆರಳಿನ ಗಿಣ್ಣನ್ನು ಮುಂದೆ ಚಾಚಿದ ಮುಷ್ಟಿಯನ್ನು ಬಳಸುತ್ತಾರೆ. ಅಲ್ಲಿ ಕೈಯ ಆಕಾರದಿಂದ ಸಾಧಿಸುವ ಮೊನಚನ್ನು ವಜ್ರಮುಷ್ಟಿಯಲ್ಲಿ ಆಯುಧವು ಒದಗಿಸುತ್ತದೆ.

ದಕ್ಷಿಣ ಭಾರತದ ಬೋಧಿಧರ್ಮನು ವಜ್ರಮುಷ್ಟಿಯನ್ನು ಶಾವೊಲಿನ್ ಮಠಕ್ಕೆ ಕೊಂಡೊಯ್ದನೆಂಬ ಮಾತು ಜನಪ್ರಿಯವಾಗಿದೆ. ಆದರೆ ಬೋಧಿಧರ್ಮನನ್ನು ಮಠದ ವ್ಯಾಯಾಮಗಳೊಂದಿಗೆ ಜೋಡಿಸುವ 'ಯಿಜಿನ್ ಜಿಂಗ್' ಗ್ರಂಥವು 17ನೆಯ ಶತಮಾನದ್ದೆಂದು ಇತಿಹಾಸಕಾರರು ನಿರ್ಣಯಿಸಿದ್ದಾರೆ. ಅವನ ಕಾಲಕ್ಕಿಂತ ಸುಮಾರು ಸಾವಿರ ವರ್ಷ ಈಚಿನದಾದ ಈ ಕೃತಿಯನ್ನು ಅಂತಹ ಸಂಬಂಧಕ್ಕೆ ಆಧಾರವೆಂದು ಪರಿಗಣಿಸಲಾಗುವುದಿಲ್ಲ.

ಪ್ರಸ್ತುತ ಸ್ಥಿತಿ

1971ರಲ್ಲಿ ರಾಜಧನ ರದ್ದಾದ ನಂತರವೂ ಅರಮನೆಯ ಖಾಸಗಿ ದಸರಾ ವಿಧಿಗಳೊಂದಿಗೆ ಈ ಕಾಳಗವು ಮುಂದುವರಿದಿದೆ. ಮೊದಲ ರಕ್ತಕ್ಕೇ ಸ್ಪರ್ಧೆ ಮುಗಿಯುವುದರಿಂದ ಪ್ರಾಣಾಪಾಯ ತಪ್ಪುತ್ತದೆ. ಆದರೆ ಸ್ಕರಿ ವಿವರಿಸಿದ ಹಿಡಿತ ಮತ್ತು ಪಟ್ಟುಗಳು ಕಾಣಿಸಿಕೊಳ್ಳುವ ಅವಕಾಶವೂ ಇದರಿಂದ ಕಡಿಮೆಯಾಗಿದೆ. ಪ್ರೇಕ್ಷಕರಿಗೆ ಕಾಣುವುದು ಕಲೆಯ ಒಂದು ಅಂಶ ಮಾತ್ರ. ಉಳಿದ ವರಸೆಗಳ ಉಳಿವು ಜಟ್ಟಿ ಮನೆತನಗಳ ಅಭ್ಯಾಸವನ್ನೇ ಅವಲಂಬಿಸಿದೆ.