ಬಾಲ ಕಳೆದುಕೊಂಡ ಇಲಿಯ ಹೊಟ್ಟೆಪಾಡು

ಹೋದ ಭಾನುವಾರ ನಮ್ಮ ಮನೆಯ ಗೋಡೆ ಗಡಿಯಾರ ಹತ್ತೂಕಾಲಿಗೇ ನಿಂತಿತ್ತು. "ರೀ, ಇದರ ಶೆಲ್ಲು ಎಲ್ಲಿ ಹೋಯ್ತು?" ಎಂದು ಮನೆಯಾಕೆ ಕೇಳಿದಾಗ ಕಳ್ಳ ಸಿಕ್ಕಿಬಿದ್ದ. ನನ್ನ ವೈರ್‌ಲೆಸ್ ಮೌಸು ಲೆಕ್ಕದ ನಡುವೆ ಕೈಕೊಟ್ಟಿತ್ತು. ನಾಲ್ಕು ಮಹಡಿ ಇಳಿದು ಅಂಗಡಿಗೆ ಹೋಗಲು ಸೋಮಾರಿತನ. ಗಡಿಯಾರದಿಂದ ಶೆಲ್ಲನ್ನು ಸಾಲ ತಗೊಂಡಿದ್ದೆ. ಬ್ಯಾಂಕಿನವನಿಗೆ ಸಾಲ ಬಿಟ್ಟರೆ ಬೇರೇನು ಹೊಳೆದೀತು ಹೇಳಿ!

ಆದರೆ ಒಂದು ಪ್ರಶ್ನೆ ತಲೆಯಲ್ಲಿ ಉಳಿಯಿತು. ಗಡಿಯಾರ ಒಂದೇ ಶೆಲ್ಲಿನಲ್ಲಿ ವರ್ಷಗಟ್ಟಲೆ ಸಂಸಾರ ಮಾಡುತ್ತದೆ. ಈ ಇಲಿಗೇಕೆ ಇಷ್ಟು ಹಸಿವು?

ವೈರು ಕಿತ್ತೊಗೆಯುವ ಆಸೆ ಹಳೆಯದು. 1983ರ ನವೆಂಬರಿನಲ್ಲಿ ಐಬಿಎಂ ಕಂಪನಿ ಪಿಸಿಜೂನಿಯರ್ ಎಂಬ ಮನೆಬಳಕೆಯ ಕಂಪ್ಯೂಟರನ್ನು ಘೋಷಿಸಿತು. ಅದರ ಕೀಲಿಮಣೆ ಟಿವಿ ರಿಮೋಟಿನ ಹಾಗೆ ಇನ್‌ಫ್ರಾರೆಡ್ ಕಿರಣದಲ್ಲಿ ಮಾತಾಡುತ್ತಿತ್ತು, ಹೊಟ್ಟೆಗೆ ನಾಲ್ಕು ಪೆನ್ಸಿಲ್ ಶೆಲ್ಲು. ತಮಾಷೆ ನೋಡಿ, ಅದಕ್ಕೊಂದು ವೈರನ್ನೂ ಬೇರೆಯಾಗಿ ಮಾರುತ್ತಿದ್ದರು! ಅದನ್ನು ಸಿಕ್ಕಿಸಿದರೆ ಶೆಲ್ಲು ಬೇಡ. ಆ ಕಂಪ್ಯೂಟರಿನ ತಯಾರಿಕೆ 1985ರಲ್ಲೇ ನಿಂತಿತು. 1984ರಲ್ಲಿ ಮೆಟಫರ್ ಎಂಬ ಕಂಪನಿಯ ಯಂತ್ರಕ್ಕೆ ಲಾಜಿಟೆಕ್ ಇನ್‌ಫ್ರಾರೆಡ್ ಮೌಸು ಮಾಡಿಕೊಟ್ಟಿತು. ನಡುವೆ ಏನಾದರೂ ಅಡ್ಡ ಬಂದರೆ ಇವಕ್ಕೆ ಮಾತೇ ನಿಂತುಹೋಗುತ್ತಿತ್ತು. 1991ರಲ್ಲಿ ಅದೇ ಲಾಜಿಟೆಕ್ ರೇಡಿಯೋ ಅಲೆಯ ಮೌಸನ್ನು ತಂದ ಮೇಲೆ ಆ ಕಷ್ಟ ತಪ್ಪಿತು.

ಹೊಟ್ಟೆಯ ಕಷ್ಟ ಮಾತ್ರ ತಪ್ಪಲಿಲ್ಲ. ಮೌಸಿನ ಬಾಲ ಎಂದರೆ ಬರೀ ಸುದ್ದಿ ಹೋಗುವ ದಾರಿಯಲ್ಲ, ಅನ್ನ ಬರುವ ದಾರಿಯೂ ಹೌದು. ಕೀಲಿಮಣೆಗೆ ಅಷ್ಟು ತೊಂದರೆಯಿಲ್ಲ. ಕೀಲಿ ಒತ್ತಿದಾಗ ಎದ್ದು, ಉಳಿದಂತೆ ನಿದ್ದೆ ಮಾಡುತ್ತದೆ. ಮೌಸಿನ ಕಥೆ ಬೇರೆ. 1999ರಲ್ಲಿ ಮೈಕ್ರೋಸಾಫ್ಟಿನ ಇಂಟೆಲಿಮೌಸ್ ಎಕ್ಸ್‌ಪ್ಲೋರರ್ ಬಂದಾಗ ಒಳಗಿನ ಗುಂಡು ಮಾಯವಾಗಿ, ಕೆಂಪು ದೀಪವೂ ಸೆಕೆಂಡಿಗೆ 1,500 ಸಲ ಮೇಜಿನ ಚಿತ್ರ ತೆಗೆಯುವ ಪುಟ್ಟ ಕಣ್ಣೂ ಬಂದವು. ಅದಕ್ಕೆ ಬಾಲವಿತ್ತು, ಊಟ ಕಂಪ್ಯೂಟರಿನದು. ಬಾಲ ಕತ್ತರಿಸಿದ ಮೇಲೆ ದೀಪ, ಕಣ್ಣು, ರೇಡಿಯೋ ಮೂರರ ಖರ್ಚೂ ಎರಡು ಶೆಲ್ಲಿನ ತಲೆಗೆ ಬಿತ್ತು.

ಖರ್ಚು ಹೆಚ್ಚಾದ ಮನೆಗೆ ಎರಡೇ ದಾರಿ: ಆದಾಯ ಹೆಚ್ಚಿಸು, ಇಲ್ಲವೇ ಖರ್ಚು ಕಡಿಮೆ ಮಾಡು.

ಮೊದಲನೆಯದನ್ನು ನೋಡಿ. 2002ರ ಲಾಜಿಟೆಕ್ ಎಂಎಕ್ಸ್700 ಮೌಸನ್ನು ರಾತ್ರಿ ತೊಟ್ಟಿಲಿನಂಥ ಚಾರ್ಜರಿನಲ್ಲಿ ಮಲಗಿಸಬೇಕಿತ್ತು. ಆಗಿನ ನಿಕಲ್ ರೀಚಾರ್ಜ್ ಶೆಲ್ಲುಗಳು ಸುಮ್ಮನೆ ಇಟ್ಟರೂ ಸೋರಿಹೋಗುತ್ತಿದ್ದವು. 2005ರಲ್ಲಿ ಸಾನ್ಯೊ ಕಂಪನಿಯ ಎನೆಲೂಪ್ ಶೆಲ್ಲು ಬಂದು ಈ ಸೋರಿಕೆ ಬಹಳ ಇಳಿಯಿತು. 2010ರ ಲಾಜಿಟೆಕ್ ಕೆ750 ಕೀಲಿಮಣೆಯಂತೂ ಬೆಳಕನ್ನೇ ಉಂಡು ಬದುಕುತ್ತಿತ್ತು. ಒಮ್ಮೆ ಹೊಟ್ಟೆ ತುಂಬಿದರೆ ಕತ್ತಲಲ್ಲೂ ಮೂರು ತಿಂಗಳು ನಡೆಯುತ್ತದೆಂದು ಕಂಪನಿಯ ಹೇಳಿಕೆ.

ಆದರೆ ಗೆದ್ದದ್ದು ಎರಡನೆಯ ದಾರಿ, ಮಿತವ್ಯಯ. ಕೆಂಪು ದೀಪದ ಬದಲು ಕಣ್ಣಿಗೆ ಕಾಣದ, ಕಡಿಮೆ ಕರೆಂಟು ತಿನ್ನುವ ಬೆಳಕು ಬಂತು. ಕೈ ತೆಗೆದ ಕೂಡಲೇ ಮೌಸು ತೂಕಡಿಸಲು, ಸ್ವಲ್ಪ ಹೊತ್ತಾದರೆ ಗಾಢ ನಿದ್ದೆಗೆ ಜಾರಲು ಕಲಿಯಿತು. ರೇಡಿಯೋ ಕೂಡ ಹೇಳಬೇಕಾದ್ದನ್ನು ಚುಟುಕಾಗಿ ಹೇಳಿ ಬಾಯಿ ಮುಚ್ಚಿಕೊಳ್ಳತೊಡಗಿತು. 2010ರ ಹೊತ್ತಿಗೆ ಲಾಜಿಟೆಕ್‌ನ ಎಂ705 ಮೌಸು ಎರಡು ಶೆಲ್ಲಿನಲ್ಲಿ ಮೂರು ವರ್ಷ ಎಂದು ಹೇಳಿಕೊಂಡಿತು. ಶೆಲ್ಲು ಹೆಚ್ಚುಕಡಿಮೆ ಅದೇ, ಬದಲಾದದ್ದು ಮನೆ ನಡೆಸುವ ರೀತಿ. ನಮ್ಮ ಅಮ್ಮಂದಿರಿಗೆ ಇದನ್ನು ಯಾರೂ ಕಲಿಸಬೇಕಿರಲಿಲ್ಲ ಬಿಡಿ.

ಇಷ್ಟು ಗೆದ್ದ ಮೇಲೂ ಇನ್ನೊಂದು ತಕರಾರು ಉಂಟು. 2004ರ ಎಂಎಕ್ಸ್1000 ಮೌಸಿನಲ್ಲಿ ಲಿಥಿಯಂ ಬ್ಯಾಟರಿ ಒಳಗೇ ಸೇರಿಕೊಂಡಿತು. ಆಪಲ್‌ನ ಮ್ಯಾಜಿಕ್ ಮೌಸಿಗೆ 2009ರಲ್ಲಿ ಎರಡು ಪೆನ್ಸಿಲ್ ಶೆಲ್ಲು ಸಾಕಿತ್ತು. 2015ರಲ್ಲಿ ಅದರದ್ದೂ ಒಳಗಿನ ಬ್ಯಾಟರಿಯಾಯಿತು, ಚಾರ್ಜಿನ ತೂತು ಹೊಟ್ಟೆಯಡಿ ಹೋಯಿತು. ಚಾರ್ಜಿಗೆ ಹಾಕಿದರೆ ಅಂಗಾತ ಬಿದ್ದ ಜಿರಲೆಯೇ, ಕೆಲಸ ಬಂದ್. 2024ರಲ್ಲಿ ತೂತಿನ ಆಕಾರ ಬದಲಾಯಿತು, ಜಾಗ ಬದಲಾಗಲಿಲ್ಲ. ಲಿಥಿಯಂ ಬ್ಯಾಟರಿಗೆ ಕೆಲವು ವರ್ಷದಲ್ಲಿ ಮುಪ್ಪು ಬರುತ್ತದೆ. ಬಿಚ್ಚಿ ಬದಲಿಸಲು ಬಾರದಿದ್ದರೆ ಗಟ್ಟಿಮುಟ್ಟಾದ ಮೌಸೂ ಭಂಗಾರಕ್ಕೇ. ಯುರೋಪಿನ ಒಕ್ಕೂಟ 2023ರಲ್ಲಿ ಮಾಡಿದ ಬ್ಯಾಟರಿ ಕಾನೂನು, ಇಂಥ ಸಣ್ಣ ಬ್ಯಾಟರಿಗಳನ್ನು ಬಳಸುವವನೇ ತೆಗೆದು ಬದಲಿಸುವಂತಿರಬೇಕು ಎನ್ನುತ್ತದೆ. ಅದಕ್ಕೆ ಗೊತ್ತುಮಾಡಿದ ದಿನ 2027ರ ಫೆಬ್ರವರಿ 18.

ನನ್ನ ಮತ ಕೇಳುತ್ತೀರಾದರೆ, ಶೆಲ್ಲು ಹಾಕುವ ಮೌಸೇ ವಾಸಿ. ಎರಡು ಜೊತೆ ರೀಚಾರ್ಜ್ ಶೆಲ್ಲು ಇಟ್ಟುಕೊಳ್ಳಿ. ಹಳತು ಹೊಸತು ಬೆರೆಸಬೇಡಿ. ಬೇಸಿಗೆ ರಜೆಗೆ ಊರಿಗೆ ಹೊರಟಾಗ ಸಾಧಾರಣ ಶೆಲ್ಲನ್ನು ತೆಗೆದಿಡಿ, ಸೋರಿದರೆ ಒಳಗಿನ ತಗಡು ತುಕ್ಕು ಹಿಡಿಯುತ್ತದೆ.

ಅಂದ ಹಾಗೆ, ಗಡಿಯಾರದ ಸಾಲ ತೀರಿತು. ಅಸಲಿಗೆ ಹೊಸ ಶೆಲ್ಲು, ಬಡ್ಡಿಗೆ ನಾಲ್ಕು ಮಹಡಿ ಇಳಿದು ಹತ್ತಿದ್ದು.